ಕೊಳಚೆ ನೀರು ಹರಿದ ಹೊಲಕ್ಕೆ ರೈಜೋಬಿಯಂ ಹಾಕಿದರೆ ಸಾಕಾ?

ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿ ನದಿಯ ನೀರು ಹಾಯಿಸಿಕೊಂಡ ರೈತರು, ಅದರಲ್ಲೂ ಬಿಡದಿ, ಬೈರಮಂಗಲ ಕಡೆಯವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ‘ಸಾರ್, ಅವರೆ, ಅಲಸಂದೆಗೆ ಬ್ಯಾಕ್ಟೀರಿಯಾ ಪುಡಿ ಕೊಟ್ಟರೆ ಮಣ್ಣಲ್ಲಿರೋ ಸೀಸ, ಕ್ಯಾಡ್ಮಿಯಂ ಎಲ್ಲಾ ಹೋಗುತ್ತಂತೆ, ಹೌದಾ?’

ಹೋಗಲ್ಲ. ಆ ಪುಡಿಯಲ್ಲಿರುವುದು ರೈಜೋಬಿಯಂ, ಅಂದರೆ ಅವರೆ, ಅಲಸಂದೆಯಂಥ ದ್ವಿದಳ ಗಿಡದ ಬೇರಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ. ಡೀಸೆಲ್ಲನ್ನೋ ಕೆಲವು ಕೀಟನಾಶಕಗಳನ್ನೋ ಬ್ಯಾಕ್ಟೀರಿಯಾ ಒಡೆದು ಹಾಕಬಹುದು, ಲೋಹವನ್ನು ಒಡೆಯಲು ಆಗುವುದಿಲ್ಲ. ಕ್ಯಾಡ್ಮಿಯಂ ಯಾವ ರೂಪದಲ್ಲಿದ್ದರೂ ಕ್ಯಾಡ್ಮಿಯಮ್ಮೇ. ಹಾಗಾದರೆ ಬ್ಯಾಕ್ಟೀರಿಯಾದಿಂದ ಏನು ಲಾಭ? ಗಿಡ ಆ ವಿಷದ ನಡುವೆಯೂ ಬದುಕಬಹುದು, ಲೋಹ ಬೇರಿನಲ್ಲೇ ನಿಲ್ಲುತ್ತದಾ ಮೇಲಕ್ಕೆ ಏರುತ್ತದಾ ಅನ್ನುವುದು ಒಂದಿಷ್ಟು ಬದಲಾಗಬಹುದು. ಅಷ್ಟೇ. ಆದರೆ ಅಷ್ಟೂ ಸಣ್ಣ ವಿಷಯವಲ್ಲ.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದವರು ವೋಬರ್ನ್‌ನ ಹೊಲವೊಂದಕ್ಕೆ 1942ರಿಂದ 1961ರವರೆಗೆ ಚರಂಡಿ ಕೆಸರನ್ನು ಗೊಬ್ಬರವಾಗಿ ಹಾಕಿದ್ದರು. ನಿಲ್ಲಿಸಿ 20 ವರ್ಷ ದಾಟಿದ ಮೇಲೂ ಅಲ್ಲಿ ಬಿತ್ತಿದ ಬಿಳಿ ಕ್ಲೋವರ್, ಅಂದರೆ ದನದ ಮೇವಿಗೆ ಬೆಳೆಯುವ ದ್ವಿದಳ ಗಿಡ, ಸೊರಗುತ್ತಿತ್ತು. ಬೇರಲ್ಲಿ ಗಂಟು ಇತ್ತು, ಸಾರಜನಕ ಮಾತ್ರ ಇಲ್ಲ. ಕಾರಣ 1989ರಲ್ಲಿ ಹೊರಬಂತು. ಕೆಲಸ ಮಾಡುವ ರೈಜೋಬಿಯಂ ಲೋಹದ ಹೊಡೆತಕ್ಕೆ ಸತ್ತುಹೋಗಿ, ಗಂಟು ಕಟ್ಟಿ ಸುಮ್ನೆ ಕೂರುವ ತಳಿ ಮಾತ್ರ ಉಳಿದುಕೊಂಡಿತ್ತು.

ಅದಕ್ಕೇ ನಾನು ಹೊಲಕ್ಕೆ ಹೋದರೆ ಮೊದಲು ಗಂಟು ಸೀಳಿ ನೋಡುತ್ತೇನೆ. ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಅಂಗಡಿಯ ಮಾಮೂಲಿ ಪ್ಯಾಕೆಟ್‌ನ ರೈಜೋಬಿಯಂ ಒಳ್ಳೆಯದೇ, ಬೆಲ್ಲದ ಪಾಕದಲ್ಲಿ ಬೀಜಕ್ಕೆ ಹಚ್ಚಿ ನೆರಳಲ್ಲಿ ಆರಿಸಿ ಬಿತ್ತಿ ಅಂತ ನಾವೇ ಹೇಳುತ್ತೇವೆ, ಆದರೆ ಆ ತಳಿಯನ್ನು ಆಯ್ದಿರುವುದು ಸಾರಜನಕಕ್ಕಾಗಿ, ಲೋಹ ತಡೆದುಕೊಳ್ಳಲಿ ಅಂತಲ್ಲ.

ತಡೆದುಕೊಳ್ಳುವ ತಳಿ ಬೇಕಾದರೆ ಕೆಟ್ಟ ಮಣ್ಣಿನಲ್ಲೇ ಹುಡುಕಬೇಕು. 1998ರ ಏಪ್ರಿಲ್ 25ರಂದು ಸ್ಪೇನಿನ ಅಸ್ನಾಲ್ಕೋಯಾರ್ ಗಣಿಯ ತ್ಯಾಜ್ಯದ ಕಟ್ಟೆ ಒಡೆದು ವಿಷದ ಕೆಸರು ಗ್ವಾದಿಯಾಮಾರ್ ನದಿ ಬಯಲನ್ನೆಲ್ಲ ಮುಚ್ಚಿತ್ತು. ಸೆವಿಲ್ಲಾದ ವಿಜ್ಞಾನಿಗಳು ಮುಂದೆ ಅದೇ ಬಯಲಲ್ಲಿ ಹಳದಿ ಲುಪಿನ್ ಅನ್ನುವ ದ್ವಿದಳ ಗಿಡ ಬೆಳೆಸಿದರು. ಗಂಟು ಕಟ್ಟಲು ರೈಜೋಬಿಯಂನ ನೆಂಟ ಬ್ರ್ಯಾಡಿರೈಜೋಬಿಯಂ, ಜೊತೆಗೆ ಲೋಹ ತಾಳುವ ಸ್ಯೂಡೋಮೊನಾಸ್ ಮತ್ತು ಓಕ್ರೋಬ್ಯಾಕ್ಟ್ರಂ ಅನ್ನುವ ಬ್ಯಾಕ್ಟೀರಿಯಾ ಕೊಟ್ಟರು. ಗಿಡ ದಪ್ಪಗಾಯಿತು, ಅದರೊಳಗಿನ ಲೋಹ ಕಡಿಮೆಯಾಯಿತು, ಇದ್ದದ್ದೂ ಹೆಚ್ಚಾಗಿ ಬೇರಲ್ಲೇ ಉಳಿಯಿತು. ಆದರೆ ಗಮನಿಸಿ, ಅದು ಊಟಕ್ಕೆ ಬೆಳೆದದ್ದಲ್ಲ. ಮಣ್ಣನ್ನು ಹಿಡಿದು ನಿಲ್ಲಿಸಲು ಬೆಳೆದದ್ದು.

ಇಂಥ ಬ್ಯಾಕ್ಟೀರಿಯಾ ಕೆಲಸ ಮಾಡುವ ರೀತಿ ಒಂದಲ್ಲ. ಕೆಲವು ಸುತ್ತ ಅಂಟು ಬಿಟ್ಟು ಲೋಹವನ್ನು ಹೊರಗೇ ಹಿಡಿದುಕೊಳ್ಳುತ್ತವೆ. ಕೆಲವು ಒಳಗೆ ಬಂದದ್ದನ್ನು ಹೊರಕ್ಕೆ ದೂಡುತ್ತವೆ. ಇನ್ನು ಕೆಲವಕ್ಕೆ ಎಸಿಸಿ ಡಿಅಮಿನೇಸ್ ಅನ್ನುವ ಕಿಣ್ವ ಇರುತ್ತದೆ. ಕಷ್ಟದಲ್ಲಿರುವ ಗಿಡ ಎಥಿಲೀನ್ ಅನ್ನುವ ಹಾರ್ಮೋನ್ ಜಾಸ್ತಿ ಮಾಡಿಕೊಂಡು ತನ್ನ ಬೇರನ್ನೇ ಕುಗ್ಗಿಸಿಕೊಳ್ಳುತ್ತದೆ ಅಲ್ವಾ, ಆ ಎಥಿಲೀನ್ ತಯಾರಾಗುವ ಕಚ್ಚಾವಸ್ತುವನ್ನೇ ಈ ಕಿಣ್ವ ಒಡೆಯುತ್ತದೆ. ಬೇರು ಮತ್ತೆ ಇಳಿಯುತ್ತದೆ.

ಎಲ್ಲವೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ ಅನ್ನುವುದೇ ತೊಡಕು. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತವೆ, ಆ ಆಮ್ಲಕ್ಕೆ ಗಟ್ಟಿಯಾಗಿ ಕೂತಿದ್ದ ಕ್ಯಾಡ್ಮಿಯಮ್ಮೂ ಕರಗಿ ಬೇರಿಗೆ ಸಿಗಬಹುದು. ಕೈಗೆ ಸಿಕ್ಕ ಜೀವಾಣು ಗೊಬ್ಬರವನ್ನೆಲ್ಲ ಒಟ್ಟಿಗೆ ಕಲಸಿ ಇಂಥ ಹೊಲಕ್ಕೆ ಹಾಕಬೇಡಿ ಅನ್ನುವುದು ಇದಕ್ಕೇ. ಮಣ್ಣು ಹುಳಿಯಾಗಿದ್ದರೆ ಮೊದಲು ಸುಣ್ಣ ಕೊಟ್ಟು ಸರಿಮಾಡಿ. ಅದು ಪುಡಿಗಿಂತ ಅಗ್ಗ, ಎಷ್ಟೋ ಸಲ ಜಾಸ್ತಿ ಪರಿಣಾಮಕಾರಿ.

ಇನ್ನೊಂದು ವಿಷಯ. ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಸತು, ತಾಮ್ರ ಇವೆ, ಅದೂ ಪೋಷಕಾಂಶವಾಗಿ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇಲ್ಲವೇ ಇಲ್ಲ. ‘ಕಾರ್ಡ್ ಚೆನ್ನಾಗಿದೆ ಸಾರ್’ ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ಬೇರೆ ಲ್ಯಾಬಿಗೆ ಪ್ರತ್ಯೇಕವಾಗಿ ಕೊಡಬೇಕು. ಮಣ್ಣಿನ ಜೊತೆ ಕಾಳನ್ನೂ ಕೊಡಿ, ಬೇಳೆಕಾಳಿಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಹಾಕಿರುವ ಕ್ಯಾಡ್ಮಿಯಂ ಮಿತಿ ಕಿಲೋಗೆ 0.1 ಮಿಲಿಗ್ರಾಂ. ಬ್ಯಾಕ್ಟೀರಿಯಾ ಕೊಟ್ಟ ಗಿಡ ನೋಡಲು ಹಚ್ಚಗೆ ಇರುತ್ತದೆ, ಆ ಹಸಿರು ಕಾಳಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಾಳು ಪಾಸಾಯಿತು ಅಂತ ಹೊಟ್ಟನ್ನು ಹಾಗೇ ದನಕ್ಕೆ ಹಾಕಬೇಡಿ. ಸಾಮಾನ್ಯವಾಗಿ ಕಾಳಿಗಿಂತ ಎಲೆ, ಕಾಂಡದಲ್ಲೇ ಕ್ಯಾಡ್ಮಿಯಂ ಜಾಸ್ತಿ. ಹೊಟ್ಟಿನ ಸ್ಯಾಂಪಲ್ಲೂ ಒಂದು ಹೋಗಲಿ.