ಡಿಸೆಂಬರ್‌ನಲ್ಲಿ ದೇವರ ಸಮಾಧಾನ ಎಲ್ಲಿ ಸಿಗುತ್ತದೆ, ಟೀಚರ್?

ಪ್ರಶ್ನೆ: "ಅಡ್ವೆಂಟ್, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ, ಶುರುವಾದರೆ ಸಾಕು, ಚರ್ಚಿನಲ್ಲಿ ಎಲ್ಲರೂ ಸಮಾಧಾನ, ಸಮಾಧಾನ ಅನ್ನುತ್ತಾರೆ. ನನಗಂತೂ ವರ್ಷದಲ್ಲೇ ಜಾಸ್ತಿ ಟೆನ್ಶನ್ ಇರುವ ತಿಂಗಳು ಇದೇ. ಪ್ರಾರ್ಥನೆಗೆ ಕೂತರೂ ಮನಸ್ಸು ನಿಲ್ಲುವುದಿಲ್ಲ. ನನ್ನ ವಿಶ್ವಾಸವೇ ಕಡಿಮೆಯಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಸಂಡೇ ಸ್ಕೂಲ್ ಬಿಟ್ಟ ಮೇಲೆ ಮೆಟ್ಟಿಲ ಹತ್ತಿರ, ಕ್ಯಾರಲ್ ಪ್ರಾಕ್ಟೀಸ್ ನಡುವೆ, ಒಂದು ಸಲ ತರಕಾರಿ ಅಂಗಡಿಯಲ್ಲಿ ಬೀನ್ಸ್ ಆರಿಸುತ್ತಾ. ಪ್ರತಿ ವರ್ಷ ಕೇಳುವವರು ಬೇರೆ, ಪ್ರಶ್ನೆ ಅದೇ. ಅದಕ್ಕೇ ಈ ಸಲ ಬರೆದೇ ಬಿಡುತ್ತೇನೆ.

ಚಿಕ್ಕ ಉತ್ತರ: ಇಲ್ಲಮ್ಮ, ವಿಶ್ವಾಸ ಕಡಿಮೆಯಾಗಿಲ್ಲ. ಟೆನ್ಶನ್ ಯಾಕೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಮನೆಗೆ ಬಣ್ಣ, ಮಕ್ಕಳಿಗೆ ಬಟ್ಟೆ, ನಾಳೆ ಬನ್ನಿ ಅನ್ನುವ ಟೈಲರ್, ರಾತ್ರಿ ಹನ್ನೊಂದಕ್ಕೆ ಗಿಟಾರ್ ಹಿಡಿದು ಬಾಗಿಲಿಗೆ ಬರುವ ಕ್ಯಾರಲ್‌ನವರು, ಅವರಿಗೆ ಕಾಫಿ. ಅದನ್ನೆಲ್ಲ ವಿವರಿಸುತ್ತಾ ಕೂರುವುದಿಲ್ಲ.

ನನಗೆ ಸಿಟ್ಟು ಬರುವುದು ಪ್ರಶ್ನೆಯ ಕೊನೆಯ ಸಾಲಿಗೆ. ನಿಮ್ಮ ಮೇಲಲ್ಲ, ಆ ಸಾಲನ್ನು ನಿಮ್ಮ ತಲೆಯಲ್ಲಿ ಕೂರಿಸಿದವರ ಮೇಲೆ. ದೇವರ ಸಮಾಧಾನ ಅಂದರೆ ಮನಸ್ಸು ಕೆರೆಯ ನೀರಿನ ಹಾಗೆ ತಣ್ಣಗಿರುವುದು, ಅಲೆ ಎದ್ದರೆ ವಿಶ್ವಾಸ ಕೆಟ್ಟಿದೆ ಅಂತ ಯಾರು ಹೇಳಿದರೋ! ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಎಲ್ಲಿದೆ ತೋರಿಸಿ ನೋಡೋಣ.

ಮೊದಲ ಕ್ರಿಸ್‌ಮಸ್ಸನ್ನೇ ತೆಗೆದುಕೊಳ್ಳಿ. ರೋಮಿನ ಚಕ್ರವರ್ತಿ ಔಗುಸ್ತ ಖಾನೇಷುಮಾರಿಗೆ, ಅಂದರೆ ಜನಗಣತಿಗೆ, ಹುಕುಂ ಮಾಡಿದ್ದ. ನಜರೇತಿನಿಂದ ಬೇತ್ಲೆಹೇಮಿಗೆ 100 ಕಿಲೋಮೀಟರಿಗೂ ಜಾಸ್ತಿ ದಾರಿ. ಮರಿಯಳು ಗರ್ಭಿಣಿ. ಊರು ಮುಟ್ಟಿದರೆ ಇಳಿದುಕೊಳ್ಳಲು ಸ್ಥಳವಿಲ್ಲ. ಕೂಸನ್ನು ಮಲಗಿಸಿದ್ದು ಗೋದಲಿಯಲ್ಲಿ, ಅಂದರೆ ದನಕ್ಕೆ ಮೇವು ಹಾಕುವ ಜಾಗದಲ್ಲಿ. ಹೊಲದಲ್ಲಿದ್ದ ಕುರುಬರು ರಾತ್ರಿ ಪಾಳಿಯ ಕೆಲಸಗಾರರು, ದೂತನನ್ನು ಕಂಡು ಬಹಳ ಹೆದರಿದರು ಅಂತ ಲೂಕ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ದೂತರ ಸಮಾಧಾನದ ಹಾಡು ಮೊದಲು ಬಿದ್ದದ್ದು ಆ ಹೆದರಿದವರ ಕಿವಿಗೆ. ಮತ್ತಾಯನನ್ನು ಓದಿದರೆ ಇನ್ನೂ ಇದೆ. ರಾಜ ಹೆರೋದ ಮಗುವನ್ನು ಕೊಲ್ಲಲು ಹುಡುಕುತ್ತಾನೆ, ಯೋಸೇಫ ರಾತ್ರೋರಾತ್ರಿ ತಾಯಿ ಮಗುವನ್ನು ಕರೆದುಕೊಂಡು ಐಗುಪ್ತಕ್ಕೆ ಓಡುತ್ತಾನೆ. ಗ್ರೀಟಿಂಗ್ ಕಾರ್ಡಿನಲ್ಲಿ ಈ ಚಿತ್ರ ಹಾಕುವುದಿಲ್ಲ, ಅಷ್ಟೆ.

ಸರಿ, ಅವರು ಮನುಷ್ಯರು ಅನ್ನುತ್ತೀರಾ? ಯೋಹಾನನ ಸುವಾರ್ತೆಗೆ ಬನ್ನಿ. 14ನೇ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ ನನ್ನ ಶಾಂತಿಯನ್ನು ನಿಮಗೆ ಕೊಡುತ್ತೇನೆ, ನಿಮ್ಮ ಹೃದಯ ಕಳವಳಗೊಳ್ಳದೆ ಇರಲಿ ಅನ್ನುತ್ತಾನೆ. ಎಲ್ಲರಿಗೂ ಬಾಯಿಪಾಠ. ಈಗ ಎರಡು ಪುಟ ಹಿಂದೆ ತಿರುಗಿಸಿ. ಸತ್ತ ಗೆಳೆಯ ಲಾಜರನಿಗಾಗಿ ಅಳುವವರನ್ನು ಕಂಡು 11ನೇ ಅಧ್ಯಾಯದಲ್ಲಿ ಯೇಸು ತಾನೇ ಕಳವಳಪಟ್ಟ. 12ರಲ್ಲಿ, ಈಗ ನನ್ನ ಪ್ರಾಣ ಕಳವಳಗೊಂಡಿದೆ ಅಂದ. 13ರಲ್ಲಿ, ತನ್ನನ್ನು ಹಿಡಿದುಕೊಡುವ ಶಿಷ್ಯ ಯೂದನ ವಿಷಯ ಹೇಳುವಾಗ, ಮತ್ತೆ ಅದೇ. ಗ್ರೀಕ್ ಮೂಲದಲ್ಲಿ ನಾಲ್ಕೂ ಕಡೆ ಒಂದೇ ಕ್ರಿಯಾಪದ. ಮೂರು ಸಲ ಕಳವಳಪಟ್ಟವನೇ ನನ್ನ ಶಾಂತಿ ತೆಗೆದುಕೊಳ್ಳಿ ಅಂದಿದ್ದು. ಈಗ ಹೇಳಿ, ಅವನ ವಿಶ್ವಾಸವೂ ಕಡಿಮೆಯಿತ್ತಾ?

ಇನ್ನು ಸಭೆಗಳಿಗೆ ಪತ್ರ ಬರೆಯುತ್ತಿದ್ದ ಅಪೊಸ್ತಲ ಪೌಲ. ಯಾವ ವಿಷಯದಲ್ಲೂ ಚಿಂತೆ ಮಾಡಬೇಡಿ ಅಂತ ಫಿಲಿಪ್ಪಿಯವರಿಗೆ ಬರೆದವನು ಇವನೇ. ಎಲ್ಲಾ ಸಭೆಗಳ ಚಿಂತೆ ದಿನವೂ ನನ್ನ ಮೇಲಿದೆ ಅಂತ ಕೊರಿಂಥದವರಿಗೆ ಬರೆದವನೂ ಇವನೇ. ಎರಡು ಕಡೆಯೂ ಚಿಂತೆಗೆ ಒಂದೇ ಬೇರಿನ ಮಾತು. ಮೊದಲಿನದನ್ನು ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕುತ್ತೇವೆ. ಎರಡನೆಯದಕ್ಕೆ ಯಾರೂ ಫ್ರೇಮ್ ಹಾಕಿಸಿದ್ದನ್ನು ನಾನು ನೋಡಿಲ್ಲ.

ಆ ಫ್ರೇಮಿನ ವಾಕ್ಯವನ್ನಾದರೂ ಪೂರ್ತಿ ಓದಿ. ದೇವಶಾಂತಿ ನಿಮ್ಮ ಹೃದಯವನ್ನು *ಕಾಯುವುದು* ಅಂತಿದೆ. ಅಲ್ಲಿರುವುದು ಸೈನ್ಯದ ಮಾತು, ಊರ ಸುತ್ತ ಪಹರೆ ನಿಲ್ಲಿಸುವುದಕ್ಕೆ ಬಳಸುವುದು. ಫಿಲಿಪ್ಪಿ ನಿವೃತ್ತ ರೋಮನ್ ಸಿಪಾಯಿಗಳನ್ನು ಕೂರಿಸಿದ್ದ ಪಟ್ಟಣ, ಅವರಿಗೆ ಪಹರೆ ಅಂದರೇನು ಅಂತ ಬಿಡಿಸಿ ಹೇಳಬೇಕಿರಲಿಲ್ಲ. ಬರೆಯುತ್ತಿದ್ದವನು ಬೇಡಿಯಲ್ಲಿದ್ದ. ಯೋಚನೆ ಮಾಡಿ: ಕಳ್ಳರ ಭಯವೇ ಇಲ್ಲದ ಊರಿಗೆ ಯಾರಾದರೂ ಕಾವಲು ಹಾಕುತ್ತಾರಾ?

ಆ ಕಾವಲು ಬರುವ ದಾರಿಯನ್ನೂ ಪೌಲ ಅಲ್ಲೇ ಹೇಳಿದ್ದಾನೆ. ನಿಮಗೆ ಬೇಕಾದ್ದನ್ನು ಕೃತಜ್ಞತೆಯ ಜೊತೆ ದೇವರಿಗೆ ತಿಳಿಸಿ. ಹೆಸರು ಹಿಡಿದು ತಿಳಿಸಿ ಅಂತ ನಾನು ಸೇರಿಸುತ್ತೇನೆ. ನಮ್ಮ ಮನೆ ಫ್ರಿಜ್ ಮೇಲೆ ಡಿಸೆಂಬರ್ ಪೂರ್ತಿ ಒಂದು ಚೀಟಿ ಇರುತ್ತದೆ, ಹಳೇ ಕ್ಯಾಲೆಂಡರ್ ಹಾಳೆಯ ಹಿಂಭಾಗ. ಗ್ಯಾಸ್ ಬುಕ್. ಮೈದಾ ಎರಡು ಕೆಜಿ. ಸ್ಟಾರ್‌ಗೆ ಬಲ್ಬು. ಮಗನ ಇಂಟರ್ವ್ಯೂ. ಅಪ್ಪನ ಮಂಡಿನೋವು. ಸಾಮಾನು ಯಾವುದು, ಪ್ರಾರ್ಥನೆ ಯಾವುದು ಅಂತ ಬೇರೆ ಮಾಡಿಲ್ಲ. ಕರ್ಜಿಕಾಯಿ ಕರಿಯುವಾಗ ಒಂದು ಕಣ್ಣು ಎಣ್ಣೆ ಮೇಲೆ, ಒಂದು ಕಣ್ಣು ಚೀಟಿ ಮೇಲೆ, ಒಂದೊಂದಾಗಿ ಹೇಳುತ್ತಾ ಹೋಗುತ್ತೇನೆ. ಮನಸ್ಸು ನಿಲ್ಲುವುದಿಲ್ಲ ನಿಜ. ಅದು ಓಡಿದ ಕಡೆಯೆಲ್ಲ ಪ್ರಾರ್ಥನೆಯೂ ಜೊತೆಗೆ ಓಡುತ್ತದೆ.

ಹೋದ ವರ್ಷ ಆ ಚೀಟಿಯ ಕೊನೆಯಲ್ಲಿ "ಓರಗಿತ್ತಿ" ಅಂತ ಇತ್ತು. ಎರಡು ವರ್ಷದಿಂದ ಮಾತಿರಲಿಲ್ಲ. ಕಾರಣ ಒಂದು ಹಿತ್ತಾಳೆ ಪಾತ್ರೆ, ಹೇಳಲೂ ನಾಚಿಕೆ. ಆ ಹೆಸರಿನ ಹತ್ತಿರ ಬಂದಾಗಲೆಲ್ಲ ನನ್ನ ಪ್ರಾರ್ಥನೆ ಹಾರಿ ಮೇಲಿನ ಮೈದಾಕ್ಕೆ ಹೋಗುತ್ತಿತ್ತು.

ಇಲ್ಲಿ ನಮ್ಮ ಹಳೆಯ ಕನ್ನಡ ಅನುವಾದಕ್ಕೆ ಕೈಮುಗಿಯಬೇಕು. ದೂತರ ಹಾಡಿನಲ್ಲಿ, ಯೆಶಾಯನ ಪ್ರವಾದನೆಯಲ್ಲಿ ಅಲ್ಲಿರುವುದು ಸಮಾಧಾನ ಅನ್ನುವ ಮಾತು. ಶಾಂತಿ ಅಂದರೆ ನಾವು ಕಣ್ಣು ಮುಚ್ಚಿ ಕೂರುತ್ತೇವೆ. ಸಮಾಧಾನವನ್ನು ಯಾರಾದರೂ *ಮಾಡಬೇಕು*. ಅಳುವ ಮಗುವನ್ನು ಸಮಾಧಾನ ಮಾಡುತ್ತೇವೆ, ಜಗಳ ಆಡಿದವರಿಗೆ ಸಮಾಧಾನ ಮಾಡಿಸುತ್ತೇವೆ, ಅಲ್ವಾ? ಸಮಾಧಾನಕ್ಕೆ ಹೀಬ್ರೂವಿನಲ್ಲಿರುವ ಶಾಲೋಮ್ ಅನ್ನುವ ಮಾತು ಕೂಡ ಹಾಗೇ. ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ ಒಂದು ನಿಯಮವಿದೆ: ನೀನು ಗುಂಡಿ ತೋಡಿ ಮುಚ್ಚದೆ ಬಿಟ್ಟು, ಬೇರೆಯವನ ಎತ್ತು ಅದರಲ್ಲಿ ಬಿದ್ದು ಸತ್ತರೆ, ಅದರ ಬೆಲೆ ತುಂಬಿಕೊಡಬೇಕು. ಆ "ತುಂಬಿಕೊಡು" ಅನ್ನುವ ಮಾತು, ಶಾಲೋಮ್ ಎರಡೂ ಒಂದೇ ಬೇರಿನವು. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗ, "ಹಾಗಾದ್ರೆ ಸಮಾಧಾನಕ್ಕೆ ಖರ್ಚಿದೆ ಟೀಚರ್" ಅಂದ. ಹತ್ತಕ್ಕೆ ಹತ್ತು ಕೊಟ್ಟೆ.

ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆರಾಧನೆಯಲ್ಲಂತೂ ಇದು ಕಣ್ಣಿಗೇ ಕಾಣುತ್ತದೆ. ಸಭೆ ಹುಟ್ಟಿದ್ದು 1947ರಲ್ಲಿ. 1950ರಲ್ಲಿ ಬಂದ ಕರ್ತನ ಭೋಜನದ ಕ್ರಮದಲ್ಲೇ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಸೇರಿತ್ತು. ಪೀಠದ ಹತ್ತಿರ ಶುರುವಾಗಿ, ಬೆಂಚಿನಿಂದ ಬೆಂಚಿಗೆ ಬರುತ್ತದೆ. ನಿಮಗೆ ಅದನ್ನು ಕೊಡುವುದು ಪಕ್ಕದವರು. ಪಕ್ಕದವರ ಜೊತೆ ಮಾತಿಲ್ಲ ಅಂದರೆ ಕಷ್ಟ. ಫಿಲಿಪ್ಪಿಯಲ್ಲೂ ಅದೇ ಕಥೆ: ಆ ಪ್ರಸಿದ್ಧ ವಾಕ್ಯಕ್ಕೆ ಐದು ವಚನ ಮುಂಚೆ ಪೌಲ ಇಬ್ಬರು ಹೆಂಗಸರ ಹೆಸರು ಹಿಡಿದು, ಒಂದೇ ಮನಸ್ಸಿನಿಂದ ಇರಿ ಅಂತ ಬೇಡಿಕೊಂಡಿದ್ದಾನೆ. ಏನು ಜಗಳವೋ ಬರೆದಿಲ್ಲ. ಹಿತ್ತಾಳೆ ಪಾತ್ರೆಯೇ ಇರಬಹುದು.

ನಾನು ಫೋನ್ ಮಾಡಿದೆ. ಮೂರು ಸಲ ನಂಬರ್ ಒತ್ತಿ ಕಟ್ ಮಾಡಿ, ನಾಲ್ಕನೇ ಸಲ. ಎದೆ ಹೊಡೆದುಕೊಳ್ಳುತ್ತಿತ್ತು, ತಣ್ಣಗಿನ ಕೆರೆ ಗಿರೆ ಏನೂ ಇರಲಿಲ್ಲ. "ಕರ್ಜಿಕಾಯಿಗೆ ಗಸಗಸೆ ಎಷ್ಟು ಹಾಕ್ತೀಯಮ್ಮ?" ಅಂತ ಕೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿಮಗೆ ಗೊತ್ತಿಲ್ವಾ ಅಕ್ಕ?" ಅಂದಳು. ಪಾತ್ರೆ ಈಗಲೂ ಅವಳ ಹತ್ತಿರವೇ ಇದೆ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಡ್ವೆಂಟ್ ಚಕ್ರದಲ್ಲಿ, ಅಂದರೆ ಭಾನುವಾರಕ್ಕೊಂದರಂತೆ ನಾಲ್ಕು ಬತ್ತಿ ಹಚ್ಚುವ ಚಕ್ರದಲ್ಲಿ, ಎರಡನೇ ಮೇಣದಬತ್ತಿ ಸಮಾಧಾನದ್ದು ಅನ್ನುತ್ತಾರಲ್ಲ, ಅದು ಸತ್ಯವೇದದಲ್ಲೂ ಇಲ್ಲ, ಚಕ್ರ ಮಾಡಿದವರೂ ಹೇಳಿದ್ದಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಬಡ ಮಕ್ಕಳಿಗೆ ಆಶ್ರಯಮನೆ ನಡೆಸುತ್ತಿದ್ದ. ಕ್ರಿಸ್‌ಮಸ್ ಯಾವಾಗ, ಯಾವಾಗ ಅಂತ ಮಕ್ಕಳ ಕಾಟ. ಗಾಡಿಯ ಚಕ್ರವೊಂದರ ಮೇಲೆ ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಕ್ಕೆ ಚಿಕ್ಕ ಕೆಂಪು ಬತ್ತಿ ನಿಲ್ಲಿಸಿದ. ದಿನಕ್ಕೊಂದು ಹಚ್ಚಿ, ಎಣಿಸಿಕೊಳ್ಳಿ ಅಂದ. ಬತ್ತಿಗಳಿಗೆ ಹೆಸರಿಟ್ಟಿದ್ದು ಆಮೇಲಿನವರು. ಹಲವು ಸಭೆಗಳು ಬಳಸುವ ಪಾಠಪಟ್ಟಿಯಲ್ಲಿ ಎರಡನೇ ಭಾನುವಾರದ ಪಾಠವೂ ಸ್ನಾನಿಕನಾದ ಯೋಹಾನನದ್ದು. ಮೂರು ವರ್ಷಕ್ಕೊಮ್ಮೆ ಮತ್ತಾಯನ 3ನೇ ಅಧ್ಯಾಯ ಬರುತ್ತದೆ. ನಾವು ಸಮಾಧಾನದ ಬತ್ತಿ ಹಚ್ಚಿ ಕೂತಿರುತ್ತೇವೆ, ಅವನು "ಸರ್ಪಜಾತಿಯವರೇ" ಅಂತ ಬೈಯುತ್ತಾನೆ.

ಆದ್ದರಿಂದ ನೇರಳೆ ಬತ್ತಿ ಸಿಗಲಿಲ್ಲ ಅಂತ ಅಂಗಡಿ ಅಂಗಡಿ ಅಲೆಯಬೇಡಿ. ಕರೆಂಟ್ ಹೋದಾಗ ಹಚ್ಚಲು ಇಟ್ಟ ಬಿಳಿ ಬತ್ತಿ ನಾಲ್ಕು ಸಾಕು. ಬೆಂಕಿಪೆಟ್ಟಿಗೆ ಮಕ್ಕಳ ಕೈಗೇ ಕೊಡಿ, ಪಕ್ಕದಲ್ಲಿ ನಿಂತಿರಿ.