ಅಪ್ಪಾ, ಯುದ್ಧದಲ್ಲಿ ನೀನೇನು ಮಾಡಿದೆ?

ಯುದ್ಧಕಾಲದ ಪ್ರಚಾರ ಹೇಗೆ ಕೆಲಸ ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ, ಶತ್ರುವನ್ನು ರಾಕ್ಷಸ ಮಾಡಿ ಜನರ ತಲೆ ಕೆಡಿಸುವುದು, ಅಷ್ಟೇ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುವವರೇ ಹೆಚ್ಚು. ಮೊದಲ ಮಹಾಯುದ್ಧದ ಬ್ರಿಟನ್ನನ್ನು ನೋಡಿದರೆ ಅದು ಅರ್ಧ ಉತ್ತರ ಅನ್ನುವುದು ಗೊತ್ತಾಗುತ್ತದೆ. ಅಲ್ಲಿ ದ್ವೇಷಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ನಾಚಿಕೆ.

1914ರಲ್ಲಿ ಯುರೋಪಿನ ದೊಡ್ಡ ದೇಶಗಳ ಪೈಕಿ ಕಡ್ಡಾಯ ಸೈನಿಕ ಸೇವೆ ಇಲ್ಲದಿದ್ದದ್ದು ಬ್ರಿಟನ್ನಿಗೆ ಮಾತ್ರ. ಆಳು ಬೇಕೆಂದರೆ ಜನ ತಾವಾಗಿಯೇ ಬರಬೇಕು. ಅದಕ್ಕೇ ಅಷ್ಟೊಂದು ಪೋಸ್ಟರು.

1915ರ ಒಂದನ್ನು ಹತ್ತಿರದಿಂದ ನೋಡಿ. ಸವಿಲ್ ಲಮ್ಲಿ ಬರೆದ ಚಿತ್ರ. ಆರಾಮಕುರ್ಚಿಯಲ್ಲಿ ಕೂತ ಅಪ್ಪ, ಅವನ ತೊಡೆಯ ಮೇಲೆ ಪುಸ್ತಕ ಹಿಡಿದು ಕೂತ ಮಗಳು, ಕಾಲ ಬಳಿ ಆಟಿಕೆ ಸಿಪಾಯಿಗಳನ್ನು ಜೋಡಿಸುತ್ತಿರುವ ಮಗ. ‘ಅಪ್ಪಾ, ಮಹಾಯುದ್ಧದಲ್ಲಿ ನೀನೇನು ಮಾಡಿದೆ?’ ಅನ್ನುತ್ತಾಳೆ ಮಗಳು. ಅಪ್ಪ ಅವಳನ್ನು ನೋಡುತ್ತಿಲ್ಲ, ನಮ್ಮನ್ನು ನೋಡುತ್ತಿದ್ದಾನೆ. ಶತ್ರು ಇಲ್ಲ, ರಕ್ತ ಇಲ್ಲ. ಚಿತ್ರದೊಳಗೆ ಯುದ್ಧ ಮುಗಿದೇ ಹೋಗಿದೆ, ಮನೆ ನೆಟ್ಟಗಿದೆ, ಅಪ್ಪ ಬದುಕಿದ್ದಾನೆ. ಹೋದರೆ ಸಾಯಬಹುದು ಎಂಬ ಮಾತನ್ನೇ ಜಾಣತನದಿಂದ ಅಳಿಸಿ, ಹೋಗದಿದ್ದರೆ ಮಕ್ಕಳಿಗೆ ಹೇಗೆ ಮುಖ ತೋರಿಸುತ್ತೀಯ ಎಂಬುದನ್ನಷ್ಟೇ ಉಳಿಸಿದ್ದಾರೆ. ಯುದ್ಧ ಸರಿಯೋ ತಪ್ಪೋ ಎಂಬ ಪ್ರಶ್ನೆ ಏಳುವುದಕ್ಕೆ ಜಾಗವೇ ಇಲ್ಲ.

ಬೀದಿಯಲ್ಲೂ ಇದೇ ವರಸೆ. ಸಮವಸ್ತ್ರವಿಲ್ಲದ ಗಂಡಸರ ಕೈಗೆ ಹೆಂಗಸರು ಹೇಡಿತನದ ಗುರುತಾಗಿ ಬಿಳಿ ಗರಿ ಕೊಡುವ ಪದ್ಧತಿ 1914ರ ಆಗಸ್ಟ್‌ನಲ್ಲೇ ಶುರುವಾಯಿತು. ನಮ್ಮಲ್ಲಿ ‘ಕೈಗೆ ಬಳೆ ತೊಟ್ಟುಕೋ’ ಅಂತ ಹಂಗಿಸುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ. ಒಂದೇ ಊರಿನ, ಒಂದೇ ಕಚೇರಿಯ ಹುಡುಗರು ಒಟ್ಟಿಗೆ ಸೇರಿ ಒಟ್ಟಿಗೇ ಹೋರಾಡುವ ‘ಪಾಲ್ಸ್’ (ಗೆಳೆಯರ) ಪಡೆಗಳೂ ಬಂದವು. ಗೆಳೆಯರೆಲ್ಲ ಹೊರಟ ಮೇಲೆ ಒಬ್ಬನೇ ಉಳಿಯುವುದು ಕಷ್ಟ.

ದ್ವೇಷದ ಪ್ರಚಾರ ಇರಲೇ ಇಲ್ಲ ಎಂದಲ್ಲ. 1915ರ ಮೇನಲ್ಲಿ ಬಂದ ಬ್ರಿಟಿಷ್ ಸರ್ಕಾರದ ಸಮಿತಿಯ ಬ್ರೈಸ್ ವರದಿ ಬೆಲ್ಜಿಯಮ್ಮಿನಲ್ಲಿ ಜರ್ಮನ್ ಸೇನೆ ನಡೆಸಿದ ಕ್ರೌರ್ಯವನ್ನು ವಿವರಿಸಿತು. ಡಿನಾಂಟ್‌ನಲ್ಲಿ ನೂರಾರು ನಾಗರಿಕರನ್ನು ಕೊಂದದ್ದು, ಲುವೆನ್‌ನ ಗ್ರಂಥಾಲಯ ಸುಟ್ಟದ್ದು ನಿಜ. ಆದರೆ ವರದಿಯ ಸಾಕ್ಷಿಗಳಿಂದ ಪ್ರಮಾಣ ಮಾಡಿಸಿರಲಿಲ್ಲ. ನಿಜದ ಜೊತೆ ಗಾಳಿಮಾತೂ ಸೇರಿಹೋಯಿತು. ಪೂರ್ತಿ ಸುಳ್ಳಿಗಿಂತ ಇಂಥ ಬೆರಕೆಯೇ ಜಾಸ್ತಿ ನಂಬಿಕೆ ಗಳಿಸುತ್ತದೆ.

ಹಾಗಂತ ಪೋಸ್ಟರಿಗೆ ಪೂರ್ತಿ ಅಂಕ ಕೊಟ್ಟುಬಿಡಬೇಡಿ. ಬ್ರಿಟನ್ನಿನ ಯುದ್ಧಮಂತ್ರಿ ಕಿಚನರ್ ಬೆರಳು ತೋರಿಸುವ ಪ್ರಸಿದ್ಧ ಚಿತ್ರ ವಾರಪತ್ರಿಕೆಯೊಂದರ ಮುಖಪುಟವಾಗಿ ಬಂದದ್ದು 1914ರ ಸೆಪ್ಟೆಂಬರ್ 5ರಂದು. ಆಗಲೇ ಜನ ಸಾಲುಗಟ್ಟಿದ್ದರು, ಆ ಒಂದೇ ತಿಂಗಳಲ್ಲಿ 4.6 ಲಕ್ಷಕ್ಕೂ ಹೆಚ್ಚು ಮಂದಿ ಸೇರಿದರು. ಬೆಲ್ಜಿಯಮ್ಮಿನ ಮಾನ್ಸ್‌ನಿಂದ ಬ್ರಿಟಿಷ್ ಸೇನೆ ಹಿಂದೆ ಸರಿದ ಸುದ್ದಿ, ಯುದ್ಧ ಶುರುವಾದೊಡನೆ ಹೆಚ್ಚಿದ ನಿರುದ್ಯೋಗ, ಇವೂ ಕಾರಣ. ಮೇಲೆ ಹೇಳಿದ ಅಪ್ಪ-ಮಗಳ ಪೋಸ್ಟರು ಬರುವ ಹೊತ್ತಿಗೆ ಸೇರುವವರು ಕಡಿಮೆಯಾಗಿದ್ದರು. 1916ರ ಜನವರಿಯಲ್ಲಿ ಕಡ್ಡಾಯ ಸೇವೆಯ ಕಾನೂನೇ ಬಂತು.

ಯುದ್ಧ ‘ನಮ್ಮದು’ ಎಂಬ ಭಾವನೆಯೇ ಇಲ್ಲದ ಕಡೆ ಸೇನೆಗೆ ಸೇರಿ ಎಂಬ ಕರೆಗೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಖೇಡಾ ಇದೆ. 1918ರಲ್ಲಿ ಕಂದಾಯದ ಸತ್ಯಾಗ್ರಹ ಮುಗಿದ ಮೇಲೆ ಗಾಂಧೀಜಿ ಅದೇ ಹಳ್ಳಿಗಳಿಗೆ ಬ್ರಿಟಿಷ್ ಸೇನೆಗೆ ಆಳು ಸೇರಿಸಲು ಹೋದರು. ಸತ್ಯಾಗ್ರಹದ ದಿನಗಳಲ್ಲಿ ಕಾಸಿಲ್ಲದೆ ಗಾಡಿ ಕಟ್ಟಿಕೊಟ್ಟಿದ್ದ ಊರುಗಳಲ್ಲಿ ಈಗ ಬಾಡಿಗೆ ಕೊಡುತ್ತೇವೆಂದರೂ ಗಾಡಿ ಸಿಗುವುದು ಕಷ್ಟವಾಯಿತು.