ಮಳೆಗಾಲದಲ್ಲಿ ಕರೆಂಟ್ ಟ್ರಿಪ್, ನಲ್ಲಿಯಲ್ಲಿ ಶಾಕ್, ಕಂಟ್ರಾಕ್ಟರ್ ಫೋನ್ ತೆಗೆಯುವುದಿಲ್ಲ: ಏನು ಮಾಡಬೇಕು?

ಪ್ರಶ್ನೆ: ಉಡುಪಿ ಹತ್ತಿರ ಹೊಸ ಮನೆ ಕಟ್ಟಿಸಿದ್ದೇವೆ. ಒಕ್ಕಲಾಗಿ ಒಂದೂವರೆ ವರ್ಷ. ವೈರಿಂಗ್ ಕೆಲಸವನ್ನು ಮಂಗಳೂರಿನ ಒಬ್ಬ ಕಂಟ್ರಾಕ್ಟರ್‌ಗೆ ಪಾಯಿಂಟ್ ಲೆಕ್ಕದಲ್ಲಿ ಕೊಟ್ಟಿದ್ದೆವು, ಸಾಮಾನು ನಾವೇ ತಂದದ್ದು. ಮೊದಲ ಮಳೆಗೇ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನಾಗಿ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳತೊಡಗಿತು. ಅವರ ಹುಡುಗ ಬಂದು ಏನೋ ಮಾಡಿ ಹೋದ, ಬೀಳುವುದು ನಿಂತಿತು. ಈಗ ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಕೇಳಿದರೆ ‘ಬಾಕಿ ಹಣ ಕೊಡಿ, ಆಮೇಲೆ ಬರ್ತೇನೆ’ ಅಂದರು. ಈಗ ಫೋನೇ ತೆಗೆಯುವುದಿಲ್ಲ. ಕರೆಂಟ್ ಕೊಡುವ ಕಂಪನಿ ಮೆಸ್ಕಾಂಗೆ ದೂರು ಕೊಡಬಹುದಾ?

ಉತ್ತರ: ಮೊದಲು ಗೀಸರ್‌ನ ಎಂಸಿಬಿ (ಆ ಲೈನಿಗೆ ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್) ಆಫ್ ಮಾಡಿ. ಯಾರೂ ಮತ್ತೆ ಆನ್ ಮಾಡದ ಹಾಗೆ ಟೇಪ್ ಅಂಟಿಸಿ. ಬಿಸಿನೀರಿಗೆ ಸದ್ಯಕ್ಕೆ ಹಂಡೆಯೇ ಸಾಕು. ಒದ್ದೆ ಮೈಯಲ್ಲಿ, ಒದ್ದೆ ನೆಲದ ಮೇಲೆ ನಿಂತವರಿಗೆ ‘ಜುಮ್’ ಅನ್ನುವುದಕ್ಕೂ ಜೀವ ಹೋಗುವುದಕ್ಕೂ ನಡುವೆ ಅಂತರ ತುಂಬಾ ಕಡಿಮೆ.

ಇನ್ನೊಂದು ಮಾತನ್ನೂ ಈಗಲೇ ಹೇಳುತ್ತೇನೆ. ಬೇರೆ ಎಲೆಕ್ಟ್ರಿಷಿಯನ್ ಕರೆಸಿ ಇವತ್ತೇ ಎಲ್ಲ ಸರಿ ಮಾಡಿಸಿಬಿಡಬೇಡಿ. ಕರೆಂಟ್ ಬಂದ್ ಮಾಡಿ ಅಪಾಯ ತಪ್ಪಿಸಿ, ಆದರೆ ತಪ್ಪು ಎಲ್ಲಿತ್ತು ಎಂದು ದಾಖಲಾಗುವ ತನಕ ರಿಪೇರಿ ಬೇಡ. ಇಂಥ ಜಗಳದಲ್ಲಿ ಗ್ರಾಹಕರು ಸೋಲುವುದು ಜಾಸ್ತಿ ಇಲ್ಲೇ. ಮೊದಲು ಸರಿ ಮಾಡಿಸುತ್ತಾರೆ, ಆಮೇಲೆ ದೂರು ಬರೆಯುತ್ತಾರೆ. ಅಷ್ಟರಲ್ಲಿ ಹಳೇ ವೈರ್ ಗುಜರಿಗೆ ಹೋಗಿರುತ್ತದೆ. ಕಂಟ್ರಾಕ್ಟರ್ ‘ನನ್ನ ಕೆಲಸ ಚೆನ್ನಾಗಿಯೇ ಇತ್ತು, ಎರಡನೆಯವನು ಬಂದು ಹಾಳು ಮಾಡಿದ’ ಎಂದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಆ ಹುಡುಗ ಏನು ಮಾಡಿ ಹೋದ? ನೋಡದೆ ಖಚಿತವಾಗಿ ಹೇಳಲಾಗದು, ಆದರೆ ನನ್ನ ಅನುಮಾನ ಒಂದೇ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿದ್ದಾನೆ, ಅಂದರೆ ಕರೆಂಟ್ ಅದನ್ನು ದಾಟದೆ ಬೇರೆ ವೈರಿನಲ್ಲಿ ಹೋಗುವ ಹಾಗೆ ಮಾಡಿದ್ದಾನೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಎಂದು ಆ ಪೆಟ್ಟಿಗೆ ನೋಡುತ್ತಾ ಇರುತ್ತದೆ. ಮನೆಗಳಿಗೆ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪ್‌ನದ್ದು. ಅಷ್ಟು ಕರೆಂಟ್ ಬೇರೆ ದಾರಿಯಲ್ಲಿ ಭೂಮಿಗೋ ಮನುಷ್ಯನ ಮೈಗೋ ಹರಿದರೆ ಕ್ಷಣದಲ್ಲಿ ಬೀಳಬೇಕು. ನಮ್ಮ ಕಡೆಯ ಮಳೆಗೆ ಗೇಟಿನ ಲೈಟು, ಕಂಪೌಂಡಿನ ಪಾಯಿಂಟು, ತಾರಸಿಯಿಂದ ಇಳಿದ ಪೈಪು, ಎಲ್ಲಿಂದಾದರೂ ನೀರು ಇಳಿಯುತ್ತದೆ. ಮುರಕಲ್ಲಿನ ಗೋಡೆ ನೀರು ಕುಡಿದು ತಿಂಗಳುಗಟ್ಟಲೆ ಒಣಗುವುದಿಲ್ಲ. ಅಂಥ ಕಡೆ ಜಾಯಿಂಟ್‌ಗೆ ಸುಮ್ನೆ ಟೇಪ್ ಸುತ್ತಿ ಬಿಟ್ಟಿದ್ದರೆ ಲೀಕೇಜ್ ಗ್ಯಾರಂಟಿ. ಕೆಲವೊಮ್ಮೆ ನೀರೂ ಕಾರಣ ಅಲ್ಲ, ಎರಡು ಆರ್‌ಸಿಸಿಬಿಗಳ ನ್ಯೂಟ್ರಲ್ ಒಂದಕ್ಕೊಂದು ಸೇರಿಕೊಂಡಿರುತ್ತದೆ. ಯಾವುದೇ ಆದರೂ ಆರ್‌ಸಿಸಿಬಿ ಬೀಳುತ್ತಿದ್ದುದು ಅದರ ಕೆಲಸವನ್ನು ಅದು ಸರಿಯಾಗಿ ಮಾಡಿದ್ದು. ಲೀಕ್ ಹುಡುಕಲು ಅರ್ಧ ದಿನ ಬೇಕು, ಒಂದು ತುಂಡು ವೈರ್ ಹಾಕಿ ಬೈಪಾಸ್ ಮಾಡಲು ಐದು ನಿಮಿಷ ಸಾಕು.

ಪರೀಕ್ಷೆ ನೀವೇ ಮಾಡಬಹುದು. ಮನೆಯಲ್ಲಿ ಕರೆಂಟ್ ಇರುವಾಗ ಆರ್‌ಸಿಸಿಬಿಯ ಮೇಲಿನ ‘ಟಿ’ ಅಥವಾ ‘ಟೆಸ್ಟ್’ ಬಟನ್ ಒತ್ತಿ. ಅದರ ಕೆಳಗಿನ ಲೈನ್‌ಗಳೆಲ್ಲ ಆರಬೇಕು. ಆರದಿದ್ದರೆ ಒಂದೋ ಅದು ಹಾಳಾಗಿದೆ, ಒಂದೋ ಬೈಪಾಸ್ ಆಗಿದೆ. ಬಟನ್ ಒತ್ತುವುದನ್ನು, ಲೈಟ್ ಉರಿಯುತ್ತಲೇ ಇರುವುದನ್ನು ಒಂದೇ ವಿಡಿಯೋದಲ್ಲಿ ತೆಗೆಯಿರಿ. ಡಿಬಿಯ (ಈ ಸ್ವಿಚ್‌ಗಳೆಲ್ಲ ಇರುವ ಪೆಟ್ಟಿಗೆಯ) ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ.

ಮುಚ್ಚಳ ಬಿಚ್ಚಲು ಲೈಸೆನ್ಸ್ ಇರುವ ಬೇರೊಬ್ಬ ಕಂಟ್ರಾಕ್ಟರನ್ನು ಕರೆಸಿ. ‘ರಿಪೇರಿ ಬೇಡ, ಪರೀಕ್ಷೆ ಮಾಡಿ ರಿಪೋರ್ಟ್ ಬರೆದು ಕೊಡಿ’ ಎಂದು ಮೊದಲೇ ಹೇಳಿ, ಅದಕ್ಕೆ ಹಣ ಕೊಟ್ಟು ರಶೀದಿ ತೆಗೆದುಕೊಳ್ಳಿ. ‘ವೈರಿಂಗ್ ಸರಿ ಇಲ್ಲ’ ಎಂಬ ಒಂದು ಸಾಲಿನ ಚೀಟಿಗೆ ಬೆಲೆ ಇಲ್ಲ. ಅಂಕಿ ಬೇಕು. ಮೇನ್ ಆಫ್ ಮಾಡಿ, ಟಿವಿ ಫ್ರಿಜ್ ಎಲ್ಲ ಕಳಚಿ, 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚಿ ಪ್ರತಿ ಲೈನನ್ನೂ ನೋಡಬೇಕು. ಕನಿಷ್ಠ ಒಂದು ಮೆಗಾಓಮ್ ಬರಬೇಕು ಎಂಬುದು ನಿಯಮ. ಗೀಸರ್ ಪಾಯಿಂಟ್‌ಗೆ ಅರ್ತ್ ವೈರ್ ನಿಜವಾಗಿ ತಲುಪಿದೆಯೇ, ಅಥವಾ ಸಾಕೆಟ್‌ನ ಮೂರನೇ ತೂತು ಬರೀ ಅಲಂಕಾರವೇ ಎಂದು ನೋಡಬೇಕು. ಅರ್ತ್ ಪಿಟ್‌ನ ರೆಸಿಸ್ಟೆನ್ಸ್ ಅಳೆಯಬೇಕು, ತಾರೀಕು ಸಮೇತ. ನಮ್ಮ ಕೆಂಪು ಮುರಕಲ್ಲಿನ ಜಾಗದಲ್ಲಿ ಮಳೆಗಾಲದಲ್ಲಿ ಕಡಿಮೆ ಇದ್ದು ಚಂದ ಕಾಣುವ ಅಂಕಿ ಏಪ್ರಿಲ್ ಹೊತ್ತಿಗೆ ಎಷ್ಟೋ ಏರಿರುತ್ತದೆ.

ವೈರಿನ ದಪ್ಪವನ್ನೂ ಬರೆಸಿ. ಲೈಟಿಗೆ ಹಾಕುವ 1.5 ಚದರ ಮಿಲಿಮೀಟರ್ ವೈರನ್ನೇ ಗೀಸರ್‌ಗೂ ಎಳೆದು, ಅದಕ್ಕೆ 20 ಆಂಪ್ ಎಂಸಿಬಿ ಕೂರಿಸಿದ ಮನೆಗಳು ಬೇಕಾದಷ್ಟುಂಟು. ಅಲ್ಲಿ ಎಂಸಿಬಿ ಬೀಳುವ ಮೊದಲೇ ವೈರ್ ಬಿಸಿಯಾಗುತ್ತದೆ. ಕಂಪನಿಯ ಹೆಸರು, ಅಳತೆ, ಐಎಸ್‌ಐ ಗುರುತು ವೈರಿನ ಮೈಮೇಲೆಯೇ ಅಚ್ಚಾಗಿರುತ್ತದೆ, ಅದರ ಫೋಟೋ ಬೇಕೇ ಬೇಕು. ಯಾಕೆಂದರೆ ಸಾಮಾನು ತಂದದ್ದು ನೀವು. ‘ಕೊಟ್ಟ ವೈರೇ ಲೋಕಲ್’ ಎಂಬ ಮಾತು ಬಂದೇ ಬರುತ್ತದೆ. ಅಂಗಡಿಯ ಬಿಲ್ಲು ಮತ್ತು ಈ ಫೋಟೋ ಹೊಂದಿಕೆಯಾದರೆ ಆ ವಾದ ಅಲ್ಲಿಗೇ ಮುಗಿಯಿತು.

ತಪ್ಪು ಕಂಟ್ರಾಕ್ಟರದ್ದೇ ಎಂದು ನೀವೂ ಮೊದಲೇ ತೀರ್ಮಾನ ಮಾಡಬೇಡಿ. ಗೀಸರ್‌ನ ಒಳಗಿನ ಕಾಯಿಲ್ ಲೀಕ್ ಆದರೂ ನಲ್ಲಿಯಲ್ಲಿ ಶಾಕ್ ಬರುತ್ತದೆ. ಅಡುಗೆಮನೆಗೆ ಕಪಾಟು ಕೂರಿಸಿದ ಬಡಗಿ ಗೋಡೆಯೊಳಗಿನ ವೈರಿನ ಪೈಪಿಗೇ ಡ್ರಿಲ್ ಹೊಡೆದಿರಬಹುದು. ಆಮೇಲೆ ಬೇರೆ ಯಾರೋ ಗೇಟಿಗೆ ಎಳೆದ ಲೈಟೂ ಕಾರಣ ಇರಬಹುದು. ಗೀಸರ್ ಕಳಚಿ ಒಮ್ಮೆ, ಹಾಕಿ ಒಮ್ಮೆ ಅಳೆದರೆ ಅರ್ಧ ಗೊತ್ತಾಗುತ್ತದೆ. ಕಾಯಿಲ್ ಹಾಳಾಗಿದ್ದೇ ನಿಜ ಅಂದುಕೊಳ್ಳಿ. ಆಗಲೂ ಅರ್ತ್ ಸರಿ ಇದ್ದು ಆರ್‌ಸಿಸಿಬಿ ಕೆಲಸ ಮಾಡುತ್ತಿದ್ದರೆ ಕರೆಂಟ್ ತಾನಾಗಿ ಹೋಗಬೇಕಿತ್ತು, ನಿಮಗೆ ಶಾಕ್ ಹೊಡೆಯಬಾರದಿತ್ತು. ಆ ಭಾಗಕ್ಕೆ ಉತ್ತರ ಕೊಡಬೇಕಾದವರು ಕಂಟ್ರಾಕ್ಟರೇ.

ಈಗ ಮೆಸ್ಕಾಂ ವಿಷಯ. ಮೀಟರ್ ತನಕ ಅವರದ್ದು, ಮೀಟರ್ ದಾಟಿದ ಮೇಲೆ ನಿಮ್ಮದು. 1912ಕ್ಕೆ ಫೋನ್ ಮಾಡಿದರೆ ಕಂಬದ ಸಮಸ್ಯೆಗೆ ಬರುತ್ತಾರೆ, ನಿಮ್ಮ ಬಚ್ಚಲಿನ ಸಮಸ್ಯೆಗೆ ಅಲ್ಲ. ವಿದ್ಯುತ್ ಗ್ರಾಹಕರ ಕುಂದುಕೊರತೆ ವೇದಿಕೆಯೂ ಮೆಸ್ಕಾಂ ಮೇಲಿನ ದೂರಿಗೆ ಇರುವುದು, ಖಾಸಗಿ ಕಂಟ್ರಾಕ್ಟರ್ ಮೇಲಿನ ದೂರಿಗೆ ಅಲ್ಲ.

ಆದರೂ ಮೆಸ್ಕಾಂ ಸೆಕ್ಷನ್ ಆಫೀಸಿಗೆ ಒಮ್ಮೆ ಹೋಗಿ ಬನ್ನಿ. ಕನೆಕ್ಷನ್ ಕೊಡುವ ಮೊದಲು ಲೈಸೆನ್ಸ್ ಇರುವ ಕಂಟ್ರಾಕ್ಟರ್ ‘ಕೆಲಸ ಮುಗಿದಿದೆ, ಪರೀಕ್ಷೆ ಮಾಡಿದ್ದೇನೆ’ ಎಂದು ಸಹಿ ಹಾಕಿದ ರಿಪೋರ್ಟ್ ನಿಮ್ಮ ಫೈಲಿನಲ್ಲಿ ಇರಬೇಕು. ಅದರ ಪ್ರತಿ ಕೇಳಿ. ಬಾಯಿಮಾತಿಗೆ ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಆ ಕಾಗದದಲ್ಲಿ ಇನ್ಸುಲೇಷನ್, ಅರ್ತ್ ಅಂಕಿಗಳು ಚಂದವಾಗಿ ತುಂಬಿರುತ್ತವೆ. ಈಗ ಅಳೆದದ್ದನ್ನು ಅದರ ಪಕ್ಕದಲ್ಲಿಡಿ.

ಆ ಕಾಗದದಲ್ಲಿ ಇನ್ನೊಂದು ಆಶ್ಚರ್ಯ ಕಾದಿರಬಹುದು, ನೀವು ಕಂಡು ಕೇಳದವರ ಸಹಿ. ಲೈಸೆನ್ಸ್ ಒಬ್ಬರದ್ದು, ಕೆಲಸ ಇನ್ನೊಬ್ಬರದ್ದು. ಸಹಿಗೆ ಇಷ್ಟು ಎಂದು ದುಡ್ಡು ಕೊಟ್ಟು ಮುಗಿಸುವ ಈ ಏರ್ಪಾಡು ಊರಿಗೆಲ್ಲ ಗೊತ್ತಿದ್ದದ್ದೇ. ಹಾಗಿದ್ದರೆ ದೂರಿನಲ್ಲಿ ಇಬ್ಬರನ್ನೂ ಎದುರು ಪಾರ್ಟಿ ಮಾಡಿ. ಕೆಲಸ ಮಾಡಿದವರು ಮಾಯವಾದರೂ ಸಹಿ ಹಾಕಿದವರಿಗೆ ತಮ್ಮ ಲೈಸೆನ್ಸ್ ಉಳಿಸಿಕೊಳ್ಳುವ ಚಿಂತೆ ಇರುತ್ತದೆ. ಲೈಸೆನ್ಸ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಅಲ್ಲಿಗೂ ಒಂದು ದೂರು ಬರೆಯಿರಿ. ಅವರು ನಿಮಗೆ ಹಣ ಕೊಡಿಸುವುದಿಲ್ಲ, ಆದರೆ ಲೈಸೆನ್ಸ್ ಬಗ್ಗೆ ಪ್ರಶ್ನೆ ಬಂದರೆ ತೆಗೆಯದ ಫೋನೂ ತೆಗೆಯುವಂತಾಗುತ್ತದೆ.

ಹಣ ಕೇಳುವ ಜಾಗ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಟ್ರಾಕ್ಟರ್ ಮಂಗಳೂರಿನವರಾದರೂ ನೀವು ಉಡುಪಿಯಲ್ಲಿ ಹಾಕಿದರೆ ಸಾಕು. ಶುಲ್ಕದ ಲೆಕ್ಕಕ್ಕೆ ಬರುವುದು ನೀವು ಕೆಲಸಕ್ಕೆ ಕೊಟ್ಟ ಮೊತ್ತ, ಕೇಳುವ ಪರಿಹಾರ ಅಲ್ಲ. ಅದು 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಅಗ್ರಿಮೆಂಟ್ ಮಾಡಿಕೊಂಡಿಲ್ಲ ಎಂದು ಹೆದರಬೇಡಿ, ಯುಪಿಐ ಪಾವತಿ, ವಾಟ್ಸಾಪ್ ಮಾತು, ಪಾಯಿಂಟ್ ಲೆಕ್ಕ ಬರೆದ ಚೀಟಿ ಎಲ್ಲವೂ ಸಾಕ್ಷಿಯೇ. ಆ ಮೆಸೇಜ್‌ಗಳಿರುವ ಫೋನನ್ನು ಮಾತ್ರ ಎಕ್ಸ್‌ಚೇಂಜ್‌ಗೆ ಕೊಡಬೇಡಿ.

ಗಡುವು ಎರಡು ವರ್ಷ. ದೋಷ ಗೊತ್ತಾದ ದಿನದಿಂದ ಲೆಕ್ಕ ಹಾಕಿ ಎಂದು ವಾದಿಸಲು ಅವಕಾಶ ಉಂಟು, ಆದರೆ ಆ ವಾದಕ್ಕೆ ಯಾಕೆ ಸಿಕ್ಕಿಕೊಳ್ಳಬೇಕು? ಕೆಲಸ ಒಪ್ಪಿಸಿದ ದಿನದಿಂದಲೇ ಎಣಿಸಿ. ಒಕ್ಕಲಾಗಿಯೇ ಒಂದೂವರೆ ವರ್ಷ ಆಗಿರುವುದರಿಂದ ನಿಮಗೆ ಉಳಿದಿರುವುದು ಹೆಚ್ಚೆಂದರೆ ಆರು ತಿಂಗಳು.

ದೂರು ಹಾಕುವ ಮೊದಲು ಕಂಟ್ರಾಕ್ಟರ್‌ಗೆ ಒಂದು ನೋಟಿಸ್ ಕಳಿಸಿ, ಸ್ಪೀಡ್ ಪೋಸ್ಟ್‌ನಲ್ಲೂ ವಾಟ್ಸಾಪ್‌ನಲ್ಲೂ. ಬೈಗುಳ ಬೇಡ. ಪರೀಕ್ಷೆಯ ರಿಪೋರ್ಟ್ ಲಗತ್ತಿಸಿ. ‘15 ದಿನದೊಳಗೆ ಬಂದು ನೋಡಿ, ನಿಮ್ಮ ಖರ್ಚಿನಲ್ಲಿ ಸರಿ ಮಾಡಿ, ಇಲ್ಲದಿದ್ದರೆ ಬೇರೆಯವರಿಂದ ಮಾಡಿಸಿ ಆ ಖರ್ಚು ನಿಮ್ಮಿಂದ ಕೇಳುತ್ತೇವೆ’ ಎಂದು ಬರೆಯಿರಿ. ‘ನನಗೆ ಅವಕಾಶವೇ ಕೊಡಲಿಲ್ಲ’ ಎಂದು ಹೇಳಲು ಅವರಿಗೆ ಆಮೇಲೆ ಆಗಬಾರದು. ಬಾಕಿ ಹಣದ ಬಗ್ಗೆಯೂ ಅದರಲ್ಲೇ ಬರೆಯಿರಿ. ಎಷ್ಟು ಬಾಕಿ, ಯಾಕೆ ತಡೆಹಿಡಿದಿದ್ದೀರಿ, ಯಾವಾಗ ಕೊಡುತ್ತೀರಿ. ಕಾರಣ ಹೇಳದೆ ಹಣ ನಿಲ್ಲಿಸಿದರೆ ಅವರು ಅದನ್ನೇ ದೊಡ್ಡದು ಮಾಡುತ್ತಾರೆ.

ನಮ್ಮ ಊರುಗಳಲ್ಲಿ ಕಂಟ್ರಾಕ್ಟರ್ ಎಂದರೆ ಯಾರದ್ದೋ ಭಾವನ ಪರಿಚಯ, ನಾಳೆ ಜಾತ್ರೆಯಲ್ಲಿ ಎದುರು ಸಿಗುವವರು. ಈ ದಾಕ್ಷಿಣ್ಯಕ್ಕೇ ನೋಟಿಸ್ ಕಳಿಸದೆ ಉಳಿದವರು ಬಹಳ ಮಂದಿ. ನನ್ನ ಪ್ರಕಾರ ನೋಟಿಸ್ ಜಗಳದ ಶುರು ಆಗಬೇಕಂತಿಲ್ಲ. ಎಷ್ಟೋ ಸಲ ಮಾತುಕತೆ ಶುರುವಾಗುವುದೇ ಅದರಿಂದ. ಆಯೋಗಕ್ಕೆ ಹೋದ ಮೇಲೂ ಇಬ್ಬರೂ ಒಪ್ಪಿದರೆ ಮಧ್ಯಸ್ಥಿಕೆಗೆ ಕಳಿಸುವ ವ್ಯವಸ್ಥೆ ಕಾಯ್ದೆಯಲ್ಲೇ ಉಂಟು.

15 ದಿನ ಕಳೆದರೂ ಬರಲಿಲ್ಲವೇ? ವಿಡಿಯೋ ತೆಗೆಯುತ್ತಾ ರಿಪೇರಿ ಮಾಡಿಸಿ. ಬಿಚ್ಚಿದ ವೈರ್, ಆರ್‌ಸಿಸಿಬಿ ಎಲ್ಲವನ್ನೂ ಒಂದು ಗೋಣಿಗೆ ಹಾಕಿ ಅಟ್ಟದಲ್ಲಿಡಿ. ಆಮೇಲೆ ಆಯೋಗಕ್ಕೆ ಕೊಡುವ ದೂರಿನಲ್ಲಿ ರಿಪೇರಿ ಬಿಲ್ಲು, ಪರೀಕ್ಷೆಯ ಖರ್ಚು, ಹಾಳಾದ ಸಾಮಾನಿನ ಬೆಲೆ, ಅದರ ಮೇಲೆ ತೊಂದರೆಗೆ ನ್ಯಾಯವಾದ ಒಂದು ಮೊತ್ತ ಕೇಳಿ. ಎಂಬತ್ತು ಸಾವಿರದ ಕೆಲಸಕ್ಕೆ ಹತ್ತು ಲಕ್ಷ ಪರಿಹಾರ ಕೇಳಿದರೆ ದೂರಿನ ತೂಕವೇ ಇಳಿಯುತ್ತದೆ. ಎದುರು ಪಾರ್ಟಿ ಆಯೋಗದ ನೋಟಿಸ್ ಸಿಕ್ಕಿದ 30 ದಿನದೊಳಗೆ ಉತ್ತರ ಕೊಡಬೇಕು, ಆಯೋಗ ಇನ್ನೂ 15 ದಿನ ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ. ತೀರ್ಪಿಗೆ ಕಾಯ್ದೆ ಹೇಳುವುದು ಮೂರು ತಿಂಗಳು. ವಾಸ್ತವದಲ್ಲಿ ಅದಕ್ಕಿಂತ ಜಾಸ್ತಿ ಎಂದೇ ಇಟ್ಟುಕೊಳ್ಳಿ. ಗೆದ್ದ ಮೇಲೂ ಹಣ ಕೊಡದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಬೇಕು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದ ತನಕ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಉಂಟು.